ಯಾರ ಉಡಿಯ ಹತ್ತಿ

ಈಶ್ವರಿಗೆ ಯಾರಾದರೂ ಒಂದು ಲೋಟ ಸಕ್ಕರೆ ಕಡ ಕೊಟ್ಟರೆ ಮುಗಿಯಿತು, ಅದನ್ನು ವಾಪಸು ಮುಟ್ಟಿಸುವ ತನಕ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ. ಮುಟ್ಟಿಸುವಾಗಲೂ ಲೋಟದ ಕಂಠಕ್ಕೆ ಸಮನಾಗಿ ಕೊಟ್ಟರೆ ಸಮಾಧಾನವಿಲ್ಲ, ಮೇಲೆ ಗೋಪುರ ಏಳಬೇಕು. "ಸಕ್ಕರಿ ಹೆಚ್ಚು ಬೇಕಾದ್ರ ಈಶ್ವರಿಗೆ ಕಡ ಕೊಡ್ರಿ, ನಾಳಿಗೆ ಬಡ್ಡಿ ಸಮೇತ ಬರ್ತೈತಿ" ಎಂದು ಪಕ್ಕದ ಮನೆಯ ಹುಲುಗಮ್ಮ ಓಣಿಗೆಲ್ಲ ಕೇಳುವಂತೆ ಹೇಳಿ ನಗಿಸುತ್ತಿದ್ದಳು. ಈಶ್ವರಿ ಮಾತ್ರ ನಗುತ್ತಿರಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೂ, ಕಂಡಕ್ಟರು ಸೊನ್ನೆ ಟಿಕೆಟ್ ಹರಿದು ಕೊಟ್ಟಾಗ ಆಕೆಯ ಕೈ ತಂತಾನೇ ಪರ್ಸಿನ ಕಡೆಗೆ ಹೋಗುತ್ತಿತ್ತು. ಅಂಥ ಹೆಂಗಸು.

ಆದೋನಿಯ ಸೀರೆ ಅಂಗಡಿಯೊಂದರಲ್ಲಿ ಆಕೆ ವರ್ಷಗಟ್ಟಲೆ ದುಡಿದಿದ್ದಳು. ಪೆದ್ದಕಡುಬೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಫ್ಯಾನಿನ ಕೆಳಗೆ ನಿಂತು, ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹರಡುವುದು. ಅವರು ಮೂಗು ಮುರಿದಂತೆಲ್ಲ ಮಡಿಸಿಡುವುದು. ಜನ ಫೋನಿನಲ್ಲೇ ಸೀರೆ ತರಿಸಿಕೊಳ್ಳುವುದನ್ನು ಕಲಿತ ಮೇಲೆ ಅಂಗಡಿ ಸೊರಗಿತು. ದಸರೆ ಮುಗಿದದ್ದೇ ಸಾವುಕಾರ ಬಾಗಿಲು ಹಾಕಿದ. ಗಂಡ ಆಂಜಿನೇಯ ಟ್ರಾಲಿ ಆಟೋ ಓಡಿಸುತ್ತಾನೆ. ಬಾಡಿಗೆ ಸಿಕ್ಕ ದಿನ ಅವನನ್ನು ಹಿಡಿಯುವವರಿಲ್ಲ, ಸಿಗದ ದಿನ ಮಂಚದಿಂದ ಎಬ್ಬಿಸುವವರಿಲ್ಲ. ಸಂಸಾರ ಹೇಗೋ ನಡೆಯುತ್ತಿತ್ತು. ಆದರೆ ಈಶ್ವರಿಯ ತಲೆಯಲ್ಲಿ ಒಂದು ಆಸೆ ಗೂಟ ಹೊಡೆದುಕೊಂಡು ಕೂತಿತ್ತು. ಸೀರೆಯ ಅಂಚು ಹೊಲಿಯುವ ಪಿಕೋ ಮಷಿನ್ನು ಬೇಕು. ತನ್ನ ಕೈಯಿಂದ ಸೀರೆ ಕೊಂಡವರೆಲ್ಲ ಪಿಕೋ ಹಾಕಿಸಲು ಇನ್ನೊಬ್ಬರ ಬಾಗಿಲಿಗೆ ಹೋಗುವುದನ್ನು ಅಷ್ಟು ವರ್ಷ ನೋಡಿದ್ದಳಲ್ಲ, ಆ ಬಾಗಿಲು ತನ್ನದೇ ಯಾಕಾಗಬಾರದು? ಕೊನೆಯ ಸಂಬಳವನ್ನು ಹಾಗೇ ಒಯ್ದು ಎಮ್ಮಿಗನೂರಿನ ಮಷಿನ್ ಅಂಗಡಿಯಲ್ಲಿ ಮುಂಗಡ ಕೊಟ್ಟುಬಂದಳು. ಉಳಿದದ್ದನ್ನು ಸಂಕ್ರಾಂತಿಯೊಳಗೆ ಕಟ್ಟಬೇಕು. ಕಟ್ಟದಿದ್ದರೆ ಮಷಿನ್ನೂ ಇಲ್ಲ, ಮುಂಗಡವೂ ಇಲ್ಲ.

"ಹೆಂಗಸರ ಡ್ವಾಕ್ರಾ ಸಂಘದಾಗ ಸಾಲ ತಗಾ, ಎಲ್ರೂ ತಗಳ್ಳಾಂಗಿಲ್ಲೇನು?" ಎಂದ ಆಂಜಿನೇಯ.

"ಸಾಲದ ಮಷಿನ್ನಿಗೆ ನಾ ಕೈ ಹಚ್ಚಂಗಿಲ್ಲ" ಎಂದಳು ಈಶ್ವರಿ. ಅಲ್ಲಿಗೆ ಆ ಮಾತು ಮುಗಿಯಿತು.

ಹತ್ತಿ ಬಿಡಿಸುವ ಕಾಲ. ಹುಲುಗಮ್ಮ ಆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕೂಲಿಗೆ ಹೋಗುವ ಗುಂಪಿನ ಮೇಸ್ತ್ರಿ. "ನಮ್ಮ ಕೂಡ ಬಾ ಯವ್ವಾ. ಫ್ಯಾನ್ ಇರಂಗಿಲ್ಲ, ಗಾಳಿ ಮಾತ್ರ ಬೇಕಾದಷ್ಟು ಐತಿ" ಎಂದು ಕರೆದಳು. ಕೂಲಿ ಕಿಲೋ ಲೆಕ್ಕ; ಎಷ್ಟು ಬಿಡಿಸಿದರೆ ಅಷ್ಟು ದುಡ್ಡು. ಈಶ್ವರಿಗೆ ಈ ಲೆಕ್ಕ ಬಹಳ ಹಿಡಿಸಿತು. ಇದರಲ್ಲಿ ಯಾರ ಹಂಗೂ ಇಲ್ಲ.

ರೇವಣಸಿದ್ದಯ್ಯನವರ ಹೊಲ ಊರಿನ ಪಡುವಣಕ್ಕಿತ್ತು. ಮೊದಲ ದಿನ ಬದುವಿನ ಮೇಲೆ ನಿಂತು ನೋಡಿದ ಈಶ್ವರಿಗೆ ಉಸಿರು ಸಿಕ್ಕಿಕೊಂಡಂತಾಯಿತು. ಕಪ್ಪು ನೆಲ ಕಾಣಿಸುತ್ತಿಲ್ಲ. ಕಣ್ಣು ಹೋದಷ್ಟೂ ಬಿಳಿ. ಅಷ್ಟು ವರ್ಷ ಹತ್ತಿ ಸೀರೆಗಳ ನಡುವೆ ಇದ್ದವಳು ಅರಳೆ ಹೀಗೆ ಗಿಡದ ಮೇಲೆ ಕೂತಿರುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅದಕ್ಕಿಂತ ದೊಡ್ಡ ಆಶ್ಚರ್ಯ ಆ ಹೆಂಗಸರ ಕೈಗಳು. ಬಟ್ಟೆಯ ಉಡಿ ಕಟ್ಟಿಕೊಂಡು ಸಾಲು ಹಿಡಿದರೆಂದರೆ ಎಡಗೈ ಒಂದು ಗಿಡದಲ್ಲಿ, ಬಲಗೈ ಇನ್ನೊಂದರಲ್ಲಿ. ಕಾಯಿಯ ಒಣ ಸಿಪ್ಪೆ ಗಿಡದಲ್ಲೇ ಉಳಿದು ಹತ್ತಿ ಮಾತ್ರ ಇಡಿಯಾಗಿ ಎದ್ದು ಬರುತ್ತಿತ್ತು. ಮುದುಕಿ ಎರ್ರಮ್ಮನಂತೂ ಗಿಡದ ಕಡೆ ನೋಡುತ್ತಲೂ ಇರಲಿಲ್ಲ, ಸೊಸೆಯ ಮೇಲಿನ ದೂರನ್ನು ಹಿಂದಿನ ಸಾಲಿನವಳಿಗೆ ಹೇಳುತ್ತ ನಡೆದಿದ್ದಳು. ಈಶ್ವರಿಗೋ ಸಿಪ್ಪೆಯ ಮೊನೆ ಉಗುರಿನ ಸಂದಿಗೆ ಹೊಕ್ಕು ರಕ್ತ ಬಂತು. ಸಂಜೆ ಹೊಲದ ಆಳು ದುರುಗೇಶ ಜಾಲಿ ಗಿಡಕ್ಕೆ ಕಾಟಾ ತೂಗುಹಾಕಿ ಒಬ್ಬೊಬ್ಬರ ಗಂಟನ್ನೂ ತೂಗಿದಾಗ ಆಕೆಯದು ಎಲ್ಲರಿಗಿಂತ ಕಡಿಮೆ ಬಂತು. ನಾಚಿಕೆಯಿಂದ ತಲೆ ಎತ್ತಲಿಲ್ಲ.

ಆದರೆ ಕೆಲವೇ ದಿನಗಳಲ್ಲಿ ತೂಕ ಏರತೊಡಗಿತು. ಮೈ ಅದೇ, ನೋವು ಅದೇ, ಆದರೂ ಸಂಜೆ ದುರುಗೇಶ ಕೂಗುವ ಕಿಲೋ ಮಾತ್ರ ಮೇಲೆ ಮೇಲೆ. ಗುಂಪಿನಲ್ಲಿ ನಡುವಿನವರ ಸಾಲಿಗೆ ಬಂದೇಬಿಟ್ಟಳು. "ಕೈ ಕಲ್ತಾವ ನೋಡಕ್ಕಾ!" ಎಂದು ಹುಲುಗಮ್ಮನಿಗೆ ಬೆರಳು ಚಾಚಿ ತೋರಿಸಿದಳು. "ಕಲೀಲಾರದ ಎಲ್ಲಿ ಹೋಗ್ತಾವ" ಎಂದಳು ಹುಲುಗಮ್ಮ, ಉಡಿಯ ಗಂಟು ಬಿಗಿಯುತ್ತ. ಈಶ್ವರಿ ಮನೆಗೆ ಹೋಗಿ ಗಂಡನಿಗೂ ತೋರಿಸಿದಳು. ಆಂಜಿನೇಯ ಆ ಬೆರಳುಗಳನ್ನು ತಿರುಗಿಸಿ ನೋಡಿ, ಕೊಬ್ಬರಿ ಎಣ್ಣೆ ತಂದುಕೊಟ್ಟ. ಸಂಕ್ರಾಂತಿಯೊಳಗೆ ಮಷಿನ್ನು ಮನೆಗೆ ಬರುವುದರಲ್ಲಿ ಆಕೆಗೆ ಅನುಮಾನವೇ ಉಳಿಯಲಿಲ್ಲ.

ಎಡವಟ್ಟಾದದ್ದು ಈ ಹುಮ್ಮಸ್ಸಿನಿಂದಲೇ. ಒಂದು ಸಂಜೆ ರೇವಣಸಿದ್ದಯ್ಯನವರು ಹೊಲಕ್ಕೆ ಬಂದು, "ಸಿ. ಬೆಳಗಲ್‌ನಾಗ ನಮ್ಮ ಅಳಿಯ ಕೊಟ್ರೇಶಂದು ಹತ್ತಿ ಅರಳಿ ನಿಂತೈತಿ. ಕಿಲೋಕ್ಕ ಇಲ್ಲಿಗಿಂತ ಹೆಚ್ಚು ಕೊಡ್ತಾನ. ಚುರುಕು ಕೈ ಇದ್ದೋರು ಯಾರನ ಹೋಗ್ತೀರೇನು?" ಎಂದರು. ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಈಶ್ವರಿ, "ನಾ ಹೋಗ್ತೀನ್ರಿ ಅಯ್ಯನೋರ" ಎಂದುಬಿಟ್ಟಳು.

ಹುಲುಗಮ್ಮ ಮನೆ ಹತ್ತಿರ ಬಂದಾಗ ಆಕೆಯ ಮೊಣಕೈ ಹಿಡಿದಳು. "ಬ್ಯಾಡ ಈಶ್ವರಿ. ಅಲ್ಲಿ ನೀ ಒಬ್ಬಾಕಿ ಆಗ್ತಿ."

"ಒಬ್ಬಾಕಿ ಆದ್ರ ಏನಾತಕ್ಕಾ? ಕೈ ನನ್ನವೇ ಅದಾವಲ್ಲ."

"ಕೈ ನಿನ್ನವೇ. ಆದ್ರೂ ಬ್ಯಾಡ, ನನ್ನ ಮಾತು ಕೇಳು."

"ಯಾಕ ಬ್ಯಾಡ ಹೇಳು ಮತ್ತ?"

ಹುಲುಗಮ್ಮ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಆ ಮೌನಕ್ಕೆ ಈಶ್ವರಿ ತನಗೆ ತೋಚಿದ ಅರ್ಥ ಕಟ್ಟಿದಳು. "ನಿನ್ನೆ ಮೊನ್ನೆ ಬಂದಾಕಿ ನಿಮ್ಮನ್ನ ದಾಟಿ ಹೊಂಟಾಳ ಅಂತ ಹೊಟ್ಟಿಕಿಚ್ಚು, ಅಷ್ಟೇ ಅಲ್ಲೇನು?" ಎಂದಳು. ಹುಲುಗಮ್ಮನ ಮುಖ ಸಣ್ಣದಾಯಿತು. "ಹೋಗಿ ಬಾ ಹಂಗಾದ್ರ" ಎಂದಷ್ಟೇ ಹೇಳಿ ಒಳಗೆ ಹೋದಳು.

ಸಿ. ಬೆಳಗಲ್‌ನಲ್ಲಿ ಕೊಟ್ರೇಶನ ಮನೆಯವರು ಒಳ್ಳೆಯವರೇ. ಇರಲು ಪಡಸಾಲೆ ಕೊಟ್ಟರು, ರೊಟ್ಟಿ ಪಲ್ಯ ಕೊಟ್ಟರು. ಈಶ್ವರಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಸಾಲು ಹಿಡಿದು, ನೀರಿಗೂ ನಿಲ್ಲದೆ ಬಿಡಿಸಿದಳು. ಸಂಜೆ ಗಂಟು ತೂಗಿದಾಗ ಪೆದ್ದಕಡುಬೂರಿನ ತೂಕದ ಅರ್ಧಕ್ಕಿಂತ ತುಸು ಮೇಲಿತ್ತು, ಅಷ್ಟೇ.

"ನಿಮ್ಮ ಕಾಟಾ ಸರಿ ಇಲ್ರಿ" ಎಂದಳು, ಎಲ್ಲರೆದುರಿಗೂ.

ಕೊಟ್ರೇಶ ಸಿಟ್ಟಾಗಲಿಲ್ಲ. ಬಾಯಿ ಹೊಲಿದ ಗೊಬ್ಬರದ ಚೀಲವೊಂದನ್ನು ತಂದು ಕಾಟಾಕ್ಕೆ ಹಾಕಿದ. "ಇಗೋ ನೋಡಮ್ಮಾ, ಚೀಲದ ಮ್ಯಾಲ ಎಷ್ಟು ಬರದಾರ, ಕಾಟಾ ಎಷ್ಟು ತೋರಸ್ತೈತಿ, ನೀನೇ ಓದು" ಎಂದ. ಎರಡೂ ಒಂದೇ ಇತ್ತು. ಮರುದಿನ ಇನ್ನಷ್ಟು ಜೀವ ಬಿಟ್ಟು ಬಿಡಿಸಿದಳು. ತೂಕ ಅಲ್ಲೇ ನಿಂತಿತ್ತು.

ಹಾಗಾದರೆ ಪೆದ್ದಕಡುಬೂರಿನ ಕಾಟಾ ಸುಳ್ಳೇ? ಕೂಲಿಯವರಿಗೆ ಹೆಚ್ಚು ತೋರಿಸುವ ಕಾಟಾವನ್ನು ಯಾವ ಹೊಲದವನೂ ಇಟ್ಟುಕೊಂಡದ್ದನ್ನು ಈ ಸೀಮೆಯಲ್ಲಿ ಯಾರೂ ಕೇಳಿಲ್ಲ. ಹತ್ತಿಯೇ ಇತ್ತು ಆ ಗಂಟಿನಲ್ಲಿ. ತಾನು ಬಿಡಿಸದ ಹತ್ತಿ. ಈಶ್ವರಿ ಬದುವಿನ ಮೇಲೆ ಕೂತುಬಿಟ್ಟಳು. ಅಲ್ಲಿ ತಾನು ಸಾಲಿನ ಆ ತುದಿಯಲ್ಲಿರುವಾಗ ಇತರರು ಉಡಿ ಖಾಲಿ ಮಾಡಲು ಜಾಲಿ ಗಿಡದ ಬುಡಕ್ಕೆ ಹೋಗಿ ಬರುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹುಲುಗಮ್ಮ ಮೊಣಕೈ ಹಿಡಿದು ಬೇಡವೆಂದದ್ದು, ಕಾರಣ ಕೇಳಿದರೆ ಹೇಳಲಾರದೆ ನಿಂತದ್ದು ಈಗ ಅರ್ಥವಾಯಿತು. ಅಂಥವಳಿಗೆ ತಾನು ಹೊಟ್ಟೆಕಿಚ್ಚು ಅಂದೆನಲ್ಲ ಎಂದು ನೆನೆದು ಆಕೆಗೆ ಭೂಮಿಗೆ ಇಳಿದುಹೋಗಬೇಕೆನಿಸಿತು.

ಮರುದಿನ ಬೆಳಗ್ಗೆ ಕೊಟ್ರೇಶನಿಗೆ ಹೇಳಿ ಬಸ್ಸು ಹತ್ತಿದಳು. ಎಮ್ಮಿಗನೂರು ಬರುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ತನ್ನ ಕೈಯಿಂದಾಗುವಷ್ಟೇ ಬಿಡಿಸಿದರೆ ಸಂಕ್ರಾಂತಿಯೊಳಗೆ ಮಷಿನ್ನಿನ ದುಡ್ಡು ಆಗುವುದಿಲ್ಲ. ಹೋಗಲಿ, ಮುಂಗಡವೂ ಹೋಗಲಿ. ಅವರು ಹಾಕಿದ ಹತ್ತಿಯ ದುಡ್ಡು ಎಷ್ಟಾಗುತ್ತದೋ ಕೇಳಿ, ಮೊದಲು ಅದನ್ನು ತೀರಿಸಿಬಿಡಬೇಕು. ಹೀಗೆ ನಿಶ್ಚಯಿಸಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ.

ಪೆದ್ದಕಡುಬೂರಿನಲ್ಲಿ ಇಳಿದು ಮನೆಗೆ ಹೋಗದೆ ನೇರ ಹೊಲದ ದಾರಿ ಹಿಡಿದಳು. ಹೊತ್ತು ನೆತ್ತಿಯ ಮೇಲಿತ್ತು. ಜಾಲಿ ಗಿಡದ ಬುಡದಲ್ಲಿ ಒಬ್ಬೊಬ್ಬರ ಹಚ್ಚಡ ಹಾಸಿತ್ತು, ಅವುಗಳ ಮೇಲೆ ಹತ್ತಿಯ ಗುಡ್ಡೆ. ಹೆಂಗಸರು ದೂರದಲ್ಲಿ ಸಾಲು ಹಿಡಿದಿದ್ದರು. ಮುಖ ತೋರಿಸಲು ಧೈರ್ಯ ಸಾಲದೆ ಈಶ್ವರಿ ಅಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಹಿಂದೆ ಕೂತಳು.

ಮೊದಲು ಹುಲುಗಮ್ಮ ಬಂದಳು. ಉಡಿಯನ್ನು ತನ್ನ ಹಚ್ಚಡದ ಮೇಲೆ ಸುರಿದಳು, ಸ್ವಲ್ಪ ಉಳಿಸಿಕೊಂಡು ಪಕ್ಕದ ಹಚ್ಚಡಕ್ಕೆ ಉದುರಿಸಿದಳು. ಅದು ಮಹಾಲಕ್ಷ್ಮಿಯದು. ಆ ಹುಡುಗಿ ತುಂಬಿದ ಬಸುರಿ. ಬಗ್ಗಲಾರಳು, ಕೂಲಿ ಬಿಡಲೂ ಆರಳು. ಹುಲುಗಮ್ಮ ನೀರು ಕುಡಿದು ತಿರುಗಿಹೋದಳು. ಆಮೇಲೆ ಇನ್ನೊಬ್ಬಳು ಬಂದು ಹಾಗೇ ಮಾಡಿದಳು. ಯಾರೂ ಯಾರಿಗೂ ಹೇಳಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಒಲೆಗೆ ಕಟ್ಟಿಗೆ ದೂಡುವಷ್ಟು ಸಹಜವಾಗಿ ದೂಡಿ ಹೋದರು. ಕೊನೆಗೆ ಮಹಾಲಕ್ಷ್ಮಿಯೇ ಬಂದಳು. ಸೊಂಟಕ್ಕೆ ಕೈಕೊಟ್ಟು ಉಡಿ ಬಿಚ್ಚಿ, ಇದ್ದಷ್ಟನ್ನು ತನ್ನ ಹಚ್ಚಡಕ್ಕೆ ಹಾಕಿ, ಅತ್ತಿತ್ತ ನೋಡಿ, ಒಂದು ಬೊಗಸೆ ಹತ್ತಿಯನ್ನು ಮುದುಕಿ ಎರ್ರಮ್ಮನ ಗುಡ್ಡೆಗೆ ಸೇರಿಸಿದಳು.

ಬಡವರು ಬಡವರಿಗೆ ಕೊಡುವುದನ್ನು ಈಶ್ವರಿ ನೋಡಿದ್ದಳು. ಆದರೆ ತಾನೇ ಬೇರೆಯವರ ಕೈಯಿಂದ ಎದ್ದು ನಿಂತವಳು, ಅದೇ ಹೊತ್ತಿನಲ್ಲಿ, ಯಾರಿಗೂ ಕಾಣದಂತೆ ಇನ್ನೊಬ್ಬರಿಗೆ ಹಾಕಿ ಹೋಗುವುದು! ಆ ಜಾಲಿ ಗಿಡದ ಕೆಳಗಿನ ಗುಡ್ಡೆಗಳಲ್ಲಿ ಯಾವುದು ಯಾರದು? ಇಷ್ಟು ದಿನ ಬೇರೆ ಬೇರೆ ಎಂದುಕೊಂಡು ತೂಗಿಸಿಕೊಂಡ ಗಂಟುಗಳೆಲ್ಲ ಒಂದೇ ಆಗಿದ್ದವು. ಊರಿನ ಇಷ್ಟು ಹತ್ತಿರ, ತನ್ನ ಗೋಡೆಯ ಆಚೆಗೇ ಇಂಥದ್ದೊಂದು ನಡೆಯುತ್ತಿತ್ತು, ತನಗೆ ಗೊತ್ತೇ ಇರಲಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿ ಹೊಲ ಮಸುಕಾಯಿತು.

ನೀರಿಗೆಂದು ಮತ್ತೆ ಬಂದ ಹುಲುಗಮ್ಮ ಆಕೆಯನ್ನು ಕಂಡಳು. "ಯಾವಾಗ ಬಂದಿ? ಉಂಡ್ಯೇನು?" ಎಂದಳು, ಏನೂ ನಡೆದೇ ಇಲ್ಲವೆನ್ನುವಂತೆ.

"ಅಕ್ಕಾ, ನಾ ಅಂದ ಮಾತು..."

"ಅಂದಿ, ನಾ ಕೇಳಿಸ್ಕೊಂಡೆ, ಎರಡು ದಿನ ಬೈದೆ. ಮುಗೀತು. ರೊಟ್ಟಿ ಐತಿ, ತಿನ್ನು."

"ನನ್ನ ಗಂಟಿಗೆ ಎಷ್ಟು ಹಾಕೀರಿ ಹೇಳಕ್ಕಾ. ತೀರಸ್ತೀನಿ. ಯಾರ್ಯಾರು ಎಷ್ಟೆಷ್ಟು ಹಾಕೀರಿ?"

ಹುಲುಗಮ್ಮ ಬಿಂದಿಗೆಯ ಪಕ್ಕದಲ್ಲಿ ಕೂತಳು. "ನಂಗೇನು ಗೊತ್ತು? ನಾ ನೋಡೀನೇನು? ನಂಗ ಆಪರೇಷನ್ ಆದ ವರ್ಷ ನನ್ನ ಗಂಟು ಹಿಂಗಾ ತುಂಬತಿತ್ತು. ನಾನೂ ನಿನ್ನಂಗ ಎಲ್ಲರನ್ನೂ ಕೇಳ್ದೆ. ಎರ್ರಮ್ಮನ ಕಾಲು ಹಿಡ್ದು ಕೇಳ್ದೆ. ಯಾರೂ ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಯಾರ ಉಡಿದು ಅಂತ ನಂಗ ಗೊತ್ತಿಲ್ಲ." ಒಂದು ಗುಟುಕು ನೀರು ಕುಡಿದು, "ಗೊತ್ತಿಲ್ದಿದ್ದಕ್ಕ ಎಲ್ಲರ ಮ್ಯಾಲೂ ಪ್ರೀತಿ ಐತಿ. ಗೊತ್ತಿದ್ರ ಒಬ್ಬಾಕಿಗೆ ತೀರಿಸಿ ಕೈ ತೊಳ್ಕೊಂಡಿರ್ತಿದ್ದೆ" ಎಂದಳು.

ಈಶ್ವರಿ ರೊಟ್ಟಿ ತಿಂದಳು, ಉಡಿ ಕಟ್ಟಿದಳು, ಉಳಿದ ಅರ್ಧ ದಿನ ಸಾಲು ಹಿಡಿದಳು. ಆ ದಿನ ಆಕೆಗೆ ಆ ಹೆಂಗಸರ ಬೆನ್ನುಗಳನ್ನು ನೋಡುವುದೇ ಕೆಲಸವಾಯಿತು. ಸೊಸೆಯನ್ನು ಬೈಯುತ್ತಿರುವ ಎರ್ರಮ್ಮ, ಏದುಸಿರು ಬಿಡುವ ಮಹಾಲಕ್ಷ್ಮಿ, ಎಲ್ಲರನ್ನೂ ಅವಸರಪಡಿಸುವ ಹುಲುಗಮ್ಮ. ಇವರಲ್ಲಿ ಯಾರ ಋಣ ತನ್ನ ಮೇಲಿದೆ ಎಂದು ಹುಡುಕಿ ಹುಡುಕಿ ಸೋತಳು.

ಸಂಜೆ ದುರುಗೇಶ ಕಾಟಾ ಕಟ್ಟಿದ. ಈಶ್ವರಿಯ ಗಂಟು ಏರಿಸಿದವನು ಹುಬ್ಬು ಮೇಲೆ ಮಾಡಿದ. ಪೂರ್ತಿ ದಿನ ದುಡಿದವರ ತೂಕ ಅದರಲ್ಲಿತ್ತು. "ಏನಕ್ಕಾ ಇದು, ಮಧ್ಯಾನ ಬಂದಾಕಿ ಇಷ್ಟು ಬಿಡಿಸೀದಿ? ನಿಂದಾ ಏನು ಇದೆಲ್ಲಾ?" ಎಂದು ಕೇಳಿದ.

ಎರ್ರಮ್ಮ ಎಲೆ ಅಡಿಕೆಯ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಮಹಾಲಕ್ಷ್ಮಿ ಆಕಾಶ ನೋಡಿದಳು. ಹುಲುಗಮ್ಮ ಮಾತ್ರ ಈಶ್ವರಿಯ ಬಾಯನ್ನೇ ನೋಡುತ್ತಿದ್ದಳು, ಏನು ಬಂದೀತೋ ಎಂಬ ಭಯದಲ್ಲಿ.

ಈಶ್ವರಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಹ್ಞೂಂ ತಮ್ಮಾ, ನಂದಾ" ಎಂದಳು. "ಬರ್ಕೋ."