ಮಾತಾಡಿಸಲು ಬರುವವರಿಗೆ ನಮ್ಮ ಮನೆಯ ಹೊಸ ಕಾನೂನು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳಿಂದ ಬಾಳೆಹಣ್ಣು ಹಿಡಿದು ನನ್ನ ಹಾಸಿಗೆಯತ್ತ ದಂಡೆತ್ತಿ ಬರುತ್ತಿರುವ ಸಮಸ್ತ ಬಂಧುಬಾಂಧವರ ಪಾದಕಮಲಗಳಿಗೆ... ಬೀಡಿ ಮುಟ್ಟದೆಯೂ ಶ್ವಾಸಕೋಶದ ಕ್ಯಾನ್ಸರ್ ಸಂಪಾದಿಸಿದ, ಕೇಶವಿಹೀನನಾದರೂ ಸುಂದರಾಂಗನಾದ ನಿಮ್ಮ ಮಂಜ್ಯಾನ ಸಾಷ್ಟಾಂಗ ನಮಸ್ಕಾರ.

ಮೂರನೇ ಕೀಮೋ ಮುಗಿಸಿ ಮನೆಗೆ ಬಂದ ಮರುದಿನ ಸುರೇಬಾನದ ಚಿಗವ್ವ ಬಂದಿದ್ದಳು. ಪಕ್ಕದಲ್ಲಿ ಕುಳಿತು, ನನ್ನ ಬೋಳುತಲೆ ಸವರುತ್ತ, ತನ್ನೂರಲ್ಲಿ ಇದೇ ರೋಗ ಬಂದು ತೀರಿಹೋದವರ ಪಟ್ಟಿ ಒಪ್ಪಿಸಿದಳು. ಪ್ರೀತಿಯಿಂದಲೇ.

"ಅವರೂ ನಿನ್ನಂಗ ನಕ್ಕೋತ ಇದ್ರಪಾ" ಅಂದಳು.

ಅಂದು ನುಚ್ಚು-ಮಜ್ಜಿಗೆಯೂ ಗಂಟಲಲ್ಲಿ ಇಳಿಯಲಿಲ್ಲ. ಮರುದಿನವೂ ಇಲ್ಲ...

ಬೆಳಗಾವಿಯ ಡಾಕ್ಟರ್ ಮೊದಲೇ ಹೇಳಿದ್ದರು, ತೂಕ ಇಳಿಯಬಾರದು, ದಿನಾ ಆದಷ್ಟು ನಡೆಯಬೇಕು, ಶಕ್ತಿ ಕುಂದಿದರೆ ನಾಲ್ಕನೇ ಕೀಮೋ ಮುಂದೆ ಹೋಗುತ್ತದೆ ಎಂದು. ಅದು ಮುಂದೆ ಹೋಗುವುದು ನನಗೆ ಬೇಕಿರಲಿಲ್ಲ.

ಆದರೆ ನಮ್ಮ ಕಡೆ ಮಾತಾಡಿಸಲು ಬಂದವರನ್ನು ಬರಬೇಡಿ ಎನ್ನಲಾಗುತ್ತದೆಯೇ? ಮಂಚದ ಸುತ್ತ ಕುಳಿತು, ಚಹಾ ಕುಡಿದು, ಒಂದು ನಿಟ್ಟುಸಿರು ಬಿಟ್ಟರೇ ಅವರು ಬಂದದ್ದು ಸಾರ್ಥಕ.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ರಾಜಾಜ್ಞೆ ಬರೆದು ಬಾಗಿಲಿಗೆ ಅಂಟಿಸಿದೆ. ರೋಗಿಯ ಬಳಿ ಕೂಡ್ರುವುದು ನಿಷಿದ್ಧ. ಮಾತಾಡಿಸುವವರು ಹಿಟ್ಟಿನ ಗಿರಣಿಯವರೆಗೆ ಜೊತೆಗೆ ನಡೆಯತಕ್ಕದ್ದು. ಸತ್ತವರ ಸುದ್ದಿ ತೆಗೆದವರು ಇನ್ನೊಂದು ಸುತ್ತು ಹಾಕತಕ್ಕದ್ದು.

ಅವ್ವ ಓದಿ ಹಣೆ ಚಚ್ಚಿಕೊಂಡಳು. "ನೀ ಯಾವ ಊರ ತಹಶೀಲ್ದಾರ ಅದಿಯೋ? ಮಂದಿ ಏನಂದಾರು?"

ಮಂದಿ ಏನೂ ಅನ್ನಲಿಲ್ಲ, ನಡೆದರು. ಚಿಗವ್ವ ಮುಂದಿನ ಸಲ ಬಂದಾಗ ತಡೆಯಲಾರದೆ ಒಬ್ಬರ ಸುದ್ದಿ ತೆಗೆದು, ದಂಡದ ಸುತ್ತನ್ನು ತಾನೊಬ್ಬಳೇ ಹಾಕಿ ಬಂದಳು.

ಅಪ್ಪನ ತಮ್ಮ, ನೇಸರಗಿಯ ಬಸಪ್ಪ ಕಾಕಾ ಬಂದ ದಿನವಂತೂ ಐತಿಹಾಸಿಕ. ಗಿರಣಿ ಇನ್ನೂ ದೂರವಿರುವಾಗಲೇ ಮೊಣಕಾಲು ಹಿಡಿದು ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ನನಗ ಆಗವಲ್ದು ತಮ್ಮಾ, ತುಸು ಕುಂದ್ರೂಣು."

ಗಟ್ಟಿಮುಟ್ಟಾದ ಮನುಷ್ಯನನ್ನು ನಡಿಗೆಯಲ್ಲಿ ಸೋಲಿಸಿದ ಕೀಮೋವೀರ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಅಂದು ಒಂದೂವರೆ ರೊಟ್ಟಿ ತಿಂದೆ.

ಕಳೆದ ಸೋಮವಾರ ಆಸ್ಪತ್ರೆಯಲ್ಲಿ ತೂಕ ನೋಡಿದರು, ಇಳಿದಿರಲಿಲ್ಲ. ನಾಲ್ಕನೇ ಕೀಮೋ ಹೇಳಿದ ದಿನವೇ ಆಯಿತು. ಇನ್ನೆರಡು ಇವೆ, ಅವೂ ಆಗುತ್ತವೆ. ಕಾನೂನು ಜಾರಿಯಲ್ಲಿದೆ, ಚಪ್ಪಲಿ ಗಟ್ಟಿ ಇರುವವರು ಬರಬಹುದು.

ಒಂದು ತಪ್ಪೊಪ್ಪಿಗೆ ಮಾತ್ರ ಉಳಿದಿದೆ...

ಬಸಪ್ಪ ಕಾಕಾ ಮಾರ್ಕೆಟ್ ಯಾರ್ಡಿನಲ್ಲಿ ದಿನವಿಡೀ ಚೀಲ ಹೊರುವ ಹಮಾಲರು, ಅಂದು ದಮ್ಮು ಹತ್ತಿದ್ದು ಅವರಿಗಲ್ಲ.