ಕನ್ನೊಳ್ಳಿಯಲ್ಲಿ ಆರದ ದೀಪ

ವಿಜ್ಞಾನ ಓದಿಸಿದರೆ ಸಾಲದು, ಪ್ರಯೋಗ ಮಾಡಿ ತೋರಿಸಬೇಕು ಎಂದು ಹೊಸ ಪಠ್ಯಕ್ರಮ ಬಂದ ವರ್ಷ ಅದು. ಅದನ್ನು ಮಾಸ್ತರರಿಗೆ ಕಲಿಸಲು ನಾನು ಸಿಂದಗಿ ತಾಲೂಕು ಸುತ್ತುತ್ತಿದ್ದೆ. ಕನ್ನೊಳ್ಳಿ ಸಾಲಿಯಲ್ಲಿ ಮೇಣಬತ್ತಿ ಇರಲಿಲ್ಲ. ಪಕ್ಕದ ಮನೆಯ ಮುದುಕಿ ಕಾಶವ್ವ ದೇವರ ಮುಂದೆ ಉರಿಯುತ್ತಿದ್ದ ಹಣತಿಯನ್ನೇ ತಂದಿಟ್ಟು, ನೋಡಲು ಹುಡುಗರ ಜೊತೆ ಅಲ್ಲೇ ಕುಳಿತರು.

ನಾನು ಗಾಜಿನ ಬರಣಿ ಎತ್ತಿಕೊಂಡೆ. "ಇದನ್ನ ಬೋರಲು ಮುಚ್ಚತೇನಿ. ಗಾಳಿ ಸಿಗದ ದೀಪ ಆರತೈತಿ."

ಕಾಶವ್ವ ಎದ್ದು ನಿಂತರು. "ನಮ್ಮನಿ ದೀಪ ಆರಸಾಕ ಬಂದೀರೇನ್ರಿ ಸಾಹೇಬ್ರ?"

"ಆರದಿದ್ರ ಪಾಠ ಆಗೂದಿಲ್ಲ ಯವ್ವಾ."

"ಹಂಗಾರ ನಾ ಅಂದಾಗ ಎತ್ತರಿ."

ಮುಚ್ಚಿದೆ. ದೀಪ ಸಣ್ಣಗಾಗುತ್ತ ಬಂತು. ಇನ್ನೇನು ಹೋಯಿತು ಎನ್ನುವಾಗ ಕಾಶವ್ವ "ಎತ್ತರಿ" ಎಂದರು. ಎತ್ತಿದೆ. ಗಾಳಿ ಕುಡಿದ ದೀಪ ಮತ್ತೆ ನೆಟ್ಟಗೆ ಎದ್ದು ನಿಂತಿತು. ಹುಡುಗರು ಹಾಕಿದ ಕೇಕೆಗೆ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಆಮೇಲೆ ಎಲ್ಲರೂ ಪಾಳಿ ಹಚ್ಚಿ ತಾವೇ ಮುಚ್ಚಿದರು, ತಾವೇ ಎತ್ತಿದರು. ಕಾಶವ್ವ ಎಣ್ಣೆ ಹಾಕುತ್ತಲೇ ಇದ್ದರು.

ಗಾಳಿ ಇಲ್ಲದಿದ್ದರೆ ದೀಪ ಆರುತ್ತದೆ ಎಂದು ಪಠ್ಯಕ್ರಮ ಹೇಳುತ್ತದೆ. ನಿಜವೇ ಇರಬೇಕು. ಕನ್ನೊಳ್ಳಿಯಲ್ಲಿ ಮಾತ್ರ ಅದನ್ನು ಕಂಡವರಿಲ್ಲ.