ತಲೆ ಮೇಲಿನ ಕೆಂಪು ಪಟ್ಟಿ

ಲುವೋಚುವಾನ್ ಕಡೆ ಮಣ್ಣಿನ ದಿಬ್ಬ ಕೊರೆದು ಮಾಡಿದ ಗುಹೆಮನೆ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲ. ತುನ್‌ಶಂಗ್ ನಲವತ್ತು ವರ್ಷ ಊರಿಗೆಲ್ಲ ಗುಹೆ ಕೊರೆದುಕೊಟ್ಟ. ಸ್ವಂತ ಮಗ ಹೈಲೂಗೆ ಮೂವತ್ತನಾಲ್ಕಾದರೂ ಒಂದು ಕೊರೆದಿರಲಿಲ್ಲ. ಕೊನೆಗೂ ಗೈಶಿಯಾ ಎಂಬ ಹುಡುಗಿ ಒಪ್ಪಿದಳು. ಜೋಳದ ಕೊಯ್ಲಿನೊಳಗೆ ಮನೆ ಆಗಬೇಕು, ಇಲ್ಲದಿದ್ದರೆ ಸಂಬಂಧವಿಲ್ಲ ಎಂದ ಅವಳಪ್ಪ.

ತುನ್‌ಶಂಗ್‌ನದು ಒಂದೇ ಶಾಸ್ತ್ರ: ಸುತ್ತ ಹಳದಿ ಮಣ್ಣು, ತಲೆ ಮೇಲೆ ಕೆಂಪು. ಕೆಂಪು ಪಟ್ಟಿಯ ತಳದಲ್ಲಿ ಶುಂಠಿಯಂಥ ಸುಣ್ಣದ ಗಂಟುಗಳಿರುತ್ತವೆ, ಚಾವಣಿ ಕುಸಿಯಗೊಡುವುದಿಲ್ಲ. ಅಂಥ ಪಟ್ಟಿ ನೋಡಿಯೇ ಈಗ ಮಗನ ಮನೆಗೆ ಹತ್ತು ಮೊಳ ಕೊರೆದಿದ್ದ.

ಪಕ್ಕದ ದಿಬ್ಬದಲ್ಲಿ ಮಣ್ಣಿನ ಪರೀಕ್ಷೆಗೆಂದು ಷಿಯಾನ್ ನಗರದಿಂದ ಬಂದ ಚಿಯಾವ್ ಮೇಡಂ ಹಗ್ಗಕ್ಕೆ ಜೋತುಬಿದ್ದು ಗೇಣುಗೇಣಿಗೂ ಚೀಲಕ್ಕೆ ಮಣ್ಣು ತುಂಬಿಕೊಳ್ಳುತ್ತಿದ್ದಳು.

"ಯಾಕ್ರಮ್ಮ, ನಿಮ್ಮೂರಲ್ಲಿ ಮಣ್ಣಿಗೂ ಬರವಾ?" ಎಂದ ತುನ್‌ಶಂಗ್.

"ಇದು ಗಾಳಿ ತಂದಿದ್ದು ದೊಡ್ಡಪ್ಪ. ಲೋಕ ಹಿಮಗಟ್ಟಿ ಮಳೆ ಸೊರಗಿದಾಗೆಲ್ಲ ಮರುಭೂಮಿ ಧೂಳು ಬಂದು ಬಿತ್ತು, ಅದು ಹಳದಿ. ಬೆಚ್ಚಗಾಗಿ ಹುಲ್ಲು ಬೆಳೆದಾಗ ಅದೇ ಧೂಳು ಕೆಂಪಾಯ್ತು. ಒಂದು ಗೇಣಿಗೆ ಎರಡು ಸಾವಿರ ವರ್ಷ."

"ಹಂಗಾದ್ರೆ ನನ್ನ ಅರವತ್ತೆರಡು ವರ್ಷ?"

ಅವಳು ಕಿರುಬೆರಳಿನ ಉಗುರು ತೋರಿಸಿದಳು.

ತುನ್‌ಶಂಗ್ ತಲೆಯೆತ್ತಿ ನೋಡಿದ. ಹುಟ್ಟಿದಾಗಿನಿಂದ ನೋಡಿದ್ದ ದಿಬ್ಬವೇ, ಆದರೆ ಮೈ ಜುಮ್ಮೆಂದಿತು. ತನ್ನ ಒಂದೊಂದು ಪಿಕಾಸಿ ಏಟಿಗೆ ಎಷ್ಟು ತಲೆಮಾರು ಉದುರಿದವೋ! ತನ್ನ ಗುಹೆಯನ್ನೂ ಒಮ್ಮೆ ನೋಡಿ ಎಂದು ಅವಳನ್ನು ಕರೆದ.

ಗುಹೆಯೊಳಗೆ ಬಂದ ಮೇಡಂ ಚಾವಣಿ ಕೆರೆದು, ಯಾವ ಪಟ್ಟಿಯೆಂದು ಗುರುತಿಸುವ ಯಂತ್ರ ಒತ್ತಿ, ಮೂರು ಸಲ ನೋಡಿದಳು.

"ಮೇಲಿಂದ ಎಣಿಸಿದ್ರೆ ಈ ಎತ್ತರದಲ್ಲಿ ಮೂರನೇ ಕೆಂಪು ಇರ್ಬೇಕಿತ್ತು. ಇದು ಎರಡನೇದು. ಈ ತುಂಡು ಯಾವತ್ತೋ ಮೇಲಿಂದ ಜಾರಿ ಬಂದು ಕೂತಿದೆ, ದೊಡ್ಡಪ್ಪ. ಹಿಂದೆ ಆಸರೆಯಿಲ್ಲ, ಯಾವಾಗ ಬೇಕಾದ್ರೂ ಕುಸಿಯುತ್ತೆ."

ಅವನು ಹಿಂಗೋಡೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿದ. ಟೊಳ್ಳು. ಬಣ್ಣ ನೋಡಿದ್ದ, ಪಟ್ಟಿ ಎಣಿಸಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ.

ಮರುದಿನ ಬೆಳಿಗ್ಗೆಯೇ ಗೈಶಿಯಾಳ ಮನೆಗೆ ನಡೆದ.

"ತಪ್ಪು ನಂದು. ಗುಹೆ ಮುಚ್ತೀನಿ. ಬೇರೇದಕ್ಕೆ ಇನ್ನೊಂದು ವರ್ಷ ಬೇಕು."

"ಗುಹೆ ಕೊರೆಯೋನ ಮಗನಿಗೇ ಗುಹೆ ಇಲ್ಲ!" ಅವಳಪ್ಪ ಗಹಗಹಿಸಿದ. "ನಡಿ, ನಡಿ. ಸಂಬಂಧ ಮುಗೀತು."

ತುನ್‌ಶಂಗ್ ವಾದ ಮಾಡಲಿಲ್ಲ. ಕೆಂಪು, ಹಳದಿ, ಹಿಮ, ಗಾಳಿ, ಉಗುರಿನಷ್ಟು ಆಯುಷ್ಯ, ಎಲ್ಲವನ್ನೂ ತೊದಲುತ್ತ ಹೇಳಿ ಎದ್ದ. ರಾಗಿಗಂಜಿಯಂಥ ನವಣೆಗಂಜಿ ತಿರುವುತ್ತಿದ್ದ ಗೈಶಿಯಾ ಸೌಟು ಕೆಳಗಿಟ್ಟಳು.

"ಮಾವ, ಒಂದು ವರ್ಷ ಅಂದ್ರೆ ಆ ದಿಬ್ಬದಲ್ಲಿ ಎಷ್ಟು?"

"ಒಂದು ಕೂದಲೆಳೆಯಷ್ಟು ದಪ್ಪ ಇರುತ್ತೋ ಇಲ್ವೋ, ತಾಯಿ."

"ಅಷ್ಟು ಕಾಯಕ್ಕಾಗಲ್ವಾ?" ಎಂದು ಅಪ್ಪನ ಕಡೆ ತಿರುಗಿದಳು. "ಕೂತ್ಕೊಳ್ಳಿ ಮಾವ. ಗಂಜಿ ಕುಡಿದು ಹೋಗಿ."